ಕಾರ್ಖಾನೆ ಮುಚ್ಚಿದ ಮೇಲಿನ ಚರಿತ್ರೆ: ಹಳೆಯ ಫಟಫಟಿ ಮತ್ತು ಅದರ ಮೇಸ್ತ್ರಿ

ಕೈಗಾರಿಕೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯ ಬಾಗಿಲು ಮುಚ್ಚಿದ ದಿನಕ್ಕೆ ತಮ್ಮ ಲೇಖನಿ ಕೆಳಗಿಡುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಂಪೆನಿಯ ಕತೆಯೂ ಹೀಗೆಯೇ. 1960ರಲ್ಲಿ ಸ್ಥಾಪನೆ, 1961ರಲ್ಲಿ ಉತ್ಪಾದನೆ, 1996ರಲ್ಲಿ ಬೀಗಮುದ್ರೆ. ಆದರೆ ಆ ಕಾರ್ಖಾನೆಯಿಂದ ಹೊರಬಂದ ಗಾಡಿಗಳು ಅಂದೇ ನಿಲ್ಲಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತಲಿನಂಥ ಕಬ್ಬಿನ ಸೀಮೆಗಳಲ್ಲಿ ಅವು ಹಾಲಿನ ಕ್ಯಾನು, ಗೊಬ್ಬರದ ಚೀಲ, ನೂಲಿನ ಗಂಟು ಹೊತ್ತು ಮತ್ತೆ ಎಷ್ಟೋ ವರ್ಷ ದುಡಿದವು. ತಯಾರಿಸಿದವನೇ ಇಲ್ಲದ ಮೇಲೆ ಅವುಗಳಿಗೆ ಬಿಡಿಭಾಗ ಬಂದದ್ದು ಎಲ್ಲಿಂದ? ಈ ಪ್ರಶ್ನೆಗೆ ಕಂಪೆನಿಯ ಕಡತಗಳಲ್ಲಿ ಉತ್ತರವಿಲ್ಲ. ಉತ್ತರ ಬೇಕಾದರೆ ಗ್ಯಾರೇಜಿಗೆ ಹೋಗಬೇಕು.

ಮೊದಲು ಗಾಡಿಯ ಹಿನ್ನೆಲೆ. ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಗಾಡಿಯ ಮೊದಲ ಅಕ್ಷರಗಳನ್ನೂ ಕೂಡಿಸಿ ಈ ಹೆಸರು ಬಂತು. ಆಮದಿಗೆ ಕಡಿವಾಣ ಬಿದ್ದಿದ್ದ ಆ ಕಾಲದಲ್ಲಿ ರುಸ್ತುಂ ಇರಾನಿ ಎಂಬ ಪಾರ್ಸಿ ಉದ್ಯಮಿ ಇದನ್ನು ಮೈಸೂರಿನಲ್ಲೇ ತಯಾರಿಸಲು ಮುಂದಾದರು. ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. ಹೆಸರು ಬದಲಾದರೂ ಒಳಗಿನ ಯಂತ್ರದ ಸ್ವಭಾವ ಹೆಚ್ಚು ಬದಲಾಗಲಿಲ್ಲ. ಒಂದೇ ಪಿಸ್ಟನ್, ಎರಡು ಸೈಲೆನ್ಸರ್. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು. ಕಿಕ್ಕರ್ ಮತ್ತು ಗಿಯರ್ ಎರಡಕ್ಕೂ ಒಂದೇ ಸನ್ನೆ. ಗಿಯರ್ ಹಾಕುವಾಗ ಕ್ಲಚ್ ತಾನಾಗಿ ಬಿಡುವ ವ್ಯವಸ್ಥೆಯೂ ಅದರಲ್ಲಿತ್ತು. ಇದನ್ನೆಲ್ಲ ಬಿಚ್ಚಿ ಕೂಡಿಸಲು ಕಲಿತ ಹುಡುಗನಿಗೆ ಮುಂದೆ ಯಾವ ಗಾಡಿಯೂ ಹೆದರಿಕೆ ಹುಟ್ಟಿಸಲಿಲ್ಲ ಎನ್ನುವುದು ಹಳೆಯ ಮೇಸ್ತ್ರಿಗಳ ಅಭಿಮಾನದ ಮಾತು.

ಆ ಕಾಲದ ರಸ್ತೆಯಲ್ಲಿ ಇನ್ನೂ ಎರಡು ಜಾತಿಯ ಗಾಡಿಗಳಿದ್ದವು. ಪೋಲೆಂಡಿನ ಎಸ್‌ಎಚ್‌ಎಲ್ ಗಾಡಿಯ ಮಾದರಿಯಲ್ಲಿ ಎಸ್ಕಾರ್ಟ್ಸ್ ಕಂಪೆನಿ ತಯಾರಿಸಿದ ರಾಜದೂತ್ ಒಂದು. 1955ರಿಂದ ಮದರಾಸಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್ ಇನ್ನೊಂದು. ಬುಲೆಟ್‌ನ ಕತೆ ವಿಚಿತ್ರ. ಇಂಗ್ಲೆಂಡಿನ ಮೂಲ ಕಂಪೆನಿ 1970ರಲ್ಲಿ ಮುಚ್ಚಿತು, ಮದರಾಸಿನ ಶಾಖೆ ಉಳಿಯಿತು. ಹೀಗಾಗಿ ಇಂಗ್ಲೆಂಡಿನ ಹಳೆಯ ಎನ್‌ಫೀಲ್ಡ್ ಮಾಲೀಕನೇ ಬಿಡಿಭಾಗಕ್ಕೆ ಭಾರತದ ಕಡೆ ನೋಡುವಂತಾಯಿತು. ಯೆಜ್ಡಿಗೆ ಈ ಭಾಗ್ಯ ಬರಲಿಲ್ಲ. 1996ರ ನಂತರ ಅಂಗಡಿಯವರ ಕಪಾಟಿನಲ್ಲಿದ್ದ ಹಳೆಯ ದಾಸ್ತಾನು ಕರಗುತ್ತ ಹೋಯಿತು. ಅದು ಮುಗಿದಲ್ಲಿಂದ ಮೇಸ್ತ್ರಿಯ ಕಾಲ ಶುರುವಾಯಿತು.

ಈ ನಾಲ್ಕು ಊರುಗಳ ಸೀಮೆಗೆ ಆ ಕಾಲವನ್ನು ಎದುರಿಸುವ ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಮೋಟಾರ್ ಕಾರ್ಖಾನೆ ಇರಲಿಲ್ಲ. ದಶಕಗಳ ಕಾಲ ರೈಲೂ ಇರಲಿಲ್ಲ; ಹೊರಗಿನ ಮಾಲು ಬರುತ್ತಿದ್ದುದು ಬಸ್ಸಿನಲ್ಲಿ, ಕಂಡಕ್ಟರನ ಕೈಯಲ್ಲಿಟ್ಟ ಪೊಟ್ಟಣವಾಗಿ. ಆದರೆ ಕಬ್ಬಿಣದ ಕೆಲಸ ಈ ನಾಡಿಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದವರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕೊಲ್ಲಾಪುರದ ಎರಕದ ಕಾರ್ಖಾನೆಗಳು, ಬೆಳಗಾವಿಯ ಉದ್ಯಮಬಾಗ್ ಇದೇ ಸೀಮೆಯಲ್ಲಿ ಬೆಳೆದವು. ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ರೈತ ನೀರೆತ್ತಲು ಡೀಸೆಲ್ ಎಂಜಿನ್ ಇಟ್ಟುಕೊಂಡ. ಎಂಜಿನ್ ಇದ್ದಲ್ಲಿ ರಿಪೇರಿಯವನು ಬೇಕೇ ಬೇಕು.

ರಬಕವಿ-ಬನಹಟ್ಟಿಯಲ್ಲಿ ಇದಕ್ಕೆ ಇನ್ನೊಂದು ಆಸರೆ ಸೇರಿತು: ಮಗ್ಗ. ವಿದ್ಯುತ್ ಮಗ್ಗವೆಂದರೆ ಹಲ್ಲಿನ ಗಾಲಿ, ಕ್ರ್ಯಾಂಕು, ಬುಶ್ಶುಗಳ ಸಂಸಾರ. ದಿನವಿಡೀ ಬಡಿದುಕೊಳ್ಳುವ ಮಗ್ಗದಲ್ಲಿ ಒಂದಿಲ್ಲೊಂದು ಭಾಗ ಸವೆಯುತ್ತಲೇ ಇರುತ್ತದೆ. ಅದಕ್ಕಾಗಿ ನೇಕಾರರ ಊರಿನಲ್ಲಿ ಲೇಥ್ ಬೇಕು, ವೆಲ್ಡಿಂಗ್ ಬೇಕು. ಮಗ್ಗಕ್ಕೆ ಹಿತ್ತಾಳೆಯ ಬುಶ್ ತಿರುವಿ ಕೊಡಬಲ್ಲ ಲೇಥಿನವನಿಗೆ ಯೆಜ್ಡಿಯ ಬುಶ್ ಕಷ್ಟದ ಕೆಲಸವಲ್ಲ. ಹಳೆಯದನ್ನು ತಂದು ಅವನ ಮುಂದಿಟ್ಟರೆ ಸಾಕು. ಕಮ್ಮಾರ, ಬಡಿಗೇರ, ಮುಸ್ಲಿಂ ಮನೆತನಗಳ ಹುಡುಗರು ಇಂಥ ಅಂಗಡಿಗಳಲ್ಲಿ ಚಹಾ ತಂದುಕೊಡುತ್ತ, ನಟ್ಟು ತೊಳೆಯುತ್ತ ಕಸುಬು ಹಿಡಿದರು. 2006ರ ಸಾಚಾರ್ ವರದಿ ಮುಸ್ಲಿಮರು ಸ್ವಂತ ದುಡಿಮೆಯಲ್ಲಿ, ಅದರಲ್ಲೂ ವಾಹನ ರಿಪೇರಿ, ಜವಳಿಯಂಥ ಕಸುಬುಗಳಲ್ಲಿ ಹೆಚ್ಚಾಗಿ ಕಾಣುತ್ತಾರೆಂದು ಗುರುತಿಸಿತು. ಆ ಸಂಖ್ಯೆಯ ಹಿಂದಿನ ಕೈಚಳಕವನ್ನು ಅಳೆಯಲು ಮಾತ್ರ ಯಾವ ವರದಿಯಲ್ಲೂ ಅಂಕಣವಿಲ್ಲ.

ಹಳೆಯ ಗಾಡಿಯ ಬಿಡಿಭಾಗ ಸಿಗುವುದಿಲ್ಲ ಎನ್ನುವುದು ಅರ್ಧ ಸತ್ಯ. ಗಾಡಿಯಲ್ಲಿ ಎರಡು ಬಗೆಯ ಭಾಗಗಳಿವೆ. ಬೇರಿಂಗನ್ನೇ ನೋಡಿ. ಅದರ ಅಂಚಿನ ಮೇಲೆ 6204 ಎಂದು ಕೆತ್ತಿದ್ದರೆ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿಲಿಮೀಟರ್. ಚೆಕ್ ದೇಶದ್ದಾದರೂ ಜಪಾನಿನದಾದರೂ ಅಳತೆ ಅದೇ. ನೀರಿನ ಮೋಟಾರಿಗೆ ಮಾರುವ ಅಂಗಡಿಯಲ್ಲೂ ಅದು ಸಿಗುತ್ತದೆ. ಆಯಿಲ್ ಸೀಲಿಗೂ ಮೂರು ಅಳತೆಗಳೇ ಹೆಸರು. ಗಾಡಿಯ ಹೆಸರು ಹೇಳಿ ಕೇಳಿದವನಿಗೆ ಅಂಗಡಿಯವನು ತಲೆಯಾಡಿಸುತ್ತಾನೆ. ಅಳತೆ ಹೇಳಿ ಕೇಳಿದವನಿಗೆ ಮಾಲು ತೆಗೆದುಕೊಡುತ್ತಾನೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪಕ್ಕದ ಸೀಲು ಹರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಗ್ಗದ ಸೀಲಿನ ಉದಾಸೀನದಿಂದ ದುಬಾರಿ ಪಿಸ್ಟನ್ ಕಳೆದುಕೊಂಡವರು ಬಹಳ.

ಇನ್ನೊಂದು ಬಗೆ ಆ ಗಾಡಿಗೇ ಮೀಸಲಾದದ್ದು: ಪಿಸ್ಟನ್, ಗಿಯರ್, ಜಿಕೋವ್ ಕಾರ್ಬ್ಯುರೇಟರು, ಟ್ಯಾಂಕು. ಸವೆದ ಸಿಲಿಂಡರನ್ನು ಕೊರೆದು ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ದೊಡ್ಡ ಪಿಸ್ಟನ್ ಹಾಕುತ್ತ ಹೋಗಬಹುದು. ಕೊನೆಯ ಅಳತೆಯೂ ಮುಗಿದಾಗ ಒಳಗೆ ಹೊಸ ಕಬ್ಬಿಣದ ತೋಳು, ಅಂದರೆ ಸ್ಲೀವ್, ಕೂರಿಸಿ ಮತ್ತೆ ಮೊದಲ ಅಳತೆಗೆ ಬರುತ್ತಾರೆ. ಬ್ರಿಟಿಷ್ ಗಾಡಿಯಾದರೆ ತೊಂದರೆ ಮತ್ತೊಂದು ಬಗೆಯದು. ಯುದ್ಧಕಾಲದ ಬಿಎಸ್‌ಎ, ನಾರ್ಟನ್‌ಗಳ ಬೋಲ್ಟುಗಳಿಗೆ ಇಂಚಿನ ಲೆಕ್ಕದ ಹಳೆಯ ಎಳೆಗಳು. ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದರೆ ತಲೆ ಉರುಟಾಗುತ್ತದೆ. ಒಂದು ನಟ್ಟಿಗಾಗಿ ಲೇಥಿನಲ್ಲಿ ಎಳೆ ಕೊಯ್ಯಿಸಬೇಕು.

ಮಾಡಲಾಗದ್ದನ್ನು ಹುಡುಕಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ದಿಲ್ಲಿಯ ಕರೋಲ್ ಬಾಗ್, ಕೋಲ್ಕತ್ತದ ಮಲ್ಲಿಕ್ ಬಜಾರ್: ಹಳೆಯ ವಾಹನದವರ ನಕಾಶೆಯಲ್ಲಿ ಇವೇ ದೊಡ್ಡ ಪಟ್ಟಣಗಳು. ಗುಜರಿ ಎಂಬ ಮಾತನ್ನು ನಾವು ತಾತ್ಸಾರದಿಂದ ಬಳಸುತ್ತೇವೆ. ಆದರೆ ಸಾವಿರಾರು ಸತ್ತ ಯಂತ್ರಗಳ ಅವಯವಗಳನ್ನು ನೋಡಿದ ಮಾತ್ರಕ್ಕೆ ಗುರುತಿಸಿ ಬೇರೆ ಬೇರೆ ಇಡುವ ಗುಜರಿಯವನು ಒಂದು ಬಗೆಯ ಗ್ರಂಥಪಾಲಕನೇ. ಸರಕಾರಿ ವಸ್ತುಸಂಗ್ರಹಾಲಯಗಳು ನಮ್ಮ ಕೈಗಾರಿಕೆಯ ಮಾಲನ್ನು ಇಷ್ಟು ಶ್ರದ್ಧೆಯಿಂದ ಕಾಪಾಡಿದ್ದು ಕಾಣೆ.

ಈಚಿನ ಎರಡು ದಶಕಗಳಲ್ಲಿ ಈ ಲೋಕಕ್ಕೆ ಹೊಸಬರು ಬಂದರು. ಪಟ್ಟಣದ ಹವ್ಯಾಸಿಗಳು ಸಂಘ ಕಟ್ಟಿಕೊಂಡು ಜುಲೈ ತಿಂಗಳಲ್ಲಿ ಜಾವಾ ದಿನ ಆಚರಿಸತೊಡಗಿದರು. ಅವರ ಪ್ರೀತಿಯಿಂದಾಗಿ ಎಷ್ಟೋ ಗಾಡಿಗಳು ತೂಕಕ್ಕೆ ಹೋಗುವುದು ತಪ್ಪಿತು. ಹಳೆಯ ಅಚ್ಚಿನ ಹೊಸ ಭಾಗಗಳೂ ಮಾರುಕಟ್ಟೆಗೆ ಬಂದವು. ಆದರೆ ಬೆಲೆಯೂ ಏರಿತು. ಹೊಲಕ್ಕೆ ಹೋಗುವ ರೈತನಿಗೆ ಬೇಕಾದದ್ದು ಓಡುವ ಪಿಸ್ಟನ್. ಹವ್ಯಾಸಿಗೆ ಬೇಕಾದದ್ದು ಮೂಲ ಮುದ್ರೆಯಿರುವ ಪಿಸ್ಟನ್. ಓಡುತ್ತಿದ್ದ ಗಾಡಿಯನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣವೆಂದು ಕಂಡವರು ಅದನ್ನೂ ಮಾಡಿದರು. ನನಗೆ ಇದು ಒಪ್ಪಿಗೆಯಾಗದ ವ್ಯಾಪಾರ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪೆನಿಯ ಕೈಯಲ್ಲಿ ಮರಳಿ ಬಂದಾಗ ಹಳಬರಿಗೆ ಆಸೆ ಹುಟ್ಟಿದ್ದು ಸಹಜ. ಆದರೆ ಹೊಸದು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್ನಿನ ಗಾಡಿ. ಹಳೆಯ ಎಂಜಿನ್ನಿನ ರಿಂಗಾಗಲಿ ಗಿಯರಾಗಲಿ ಅದರಿಂದ ಸಿಗುವಂತಿಲ್ಲ.

ಇನ್ನು ಕಾಗದದ ಕಷ್ಟ. ಎಂಜಿನ್ನಿನ ಸಂಖ್ಯೆ ಕೊರೆದಿರುವುದು ಅದರ ಕವಚದ ಮೇಲೆ. ಕವಚ ಒಡೆದು ಬೇರೆ ಹಾಕಿದರೆ ಸಂಖ್ಯೆ ಬದಲಾಗುತ್ತದೆ, ಅದನ್ನು ನೋಂದಣಿ ಪುಸ್ತಕಕ್ಕೆ ಏರಿಸಬೇಕು. ಗುಜರಿಯಲ್ಲಿ ಕೊಂಡದ್ದಕ್ಕೆ ರಶೀದಿ ಇಲ್ಲದಿದ್ದರೆ ಮಾಲೀಕನೂ ಮೇಸ್ತ್ರಿಯೂ ಉತ್ತರ ಹೇಳಬೇಕಾಗುತ್ತದೆ. ಕಸುಬು ಬಾಯಿಮಾತಿನಲ್ಲಿ ನಡೆಯುವ ಕಡೆ ಇದು ಸಣ್ಣ ಅಪಾಯವಲ್ಲ. ಹಳೆಯ ಮೇಸ್ತ್ರಿಗಳಲ್ಲಿ ಜಾಣರು ಕವಚ ಬದಲಿಸುವುದಕ್ಕಿಂತ ಒಡೆದದ್ದನ್ನೇ ಬೆಸೆಯುವುದನ್ನು ಆರಿಸಿಕೊಳ್ಳುತ್ತಾರೆ.

ಉಸ್ತಾದನ ಬಳಿ ಶಾಗಿರ್ದರು ಈಗ ಕಡಿಮೆ. ಹುಡುಗರು ಕಂಪೆನಿಗಳ ಶೋರೂಮುಗಳಲ್ಲಿ ಸಂಬಳಕ್ಕೆ ಸೇರುತ್ತಾರೆ. ಅಲ್ಲಿ ಕೆಟ್ಟ ಭಾಗವನ್ನು ತೆಗೆದು ಪೆಟ್ಟಿಗೆಯಲ್ಲಿ ಬಂದ ಹೊಸದನ್ನು ಹಾಕುವುದೇ ರಿಪೇರಿ. ಅವರನ್ನು ದೂರುವಂತಿಲ್ಲ, ತಿಂಗಳಿಗೊಮ್ಮೆ ತಪ್ಪದೆ ಬರುವ ಹಣದ ಬೆಲೆ ಗ್ಯಾರೇಜಿನ ಮನೆಗಳಿಗೆ ಚೆನ್ನಾಗಿ ಗೊತ್ತು. ಆದರೆ ಯೆಜ್ಡಿಯ ಕ್ರ್ಯಾಂಕನ್ನು ಒತ್ತಿ ಬಿಚ್ಚಿ, ಮತ್ತೆ ಒತ್ತಿ ಕೂಡಿಸಿ, ಓಲಾಟ ನೋಡಿ ನೇರ ಮಾಡುವ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಅದನ್ನು ಬಲ್ಲವರಿಗೆ ವಯಸ್ಸಾಗಿದೆ.

2021ರಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಹಾಲು ಹಾಕುವವನಿಗೆ ಇದು ಉಪಯೋಗವಿಲ್ಲದ ಗೌರವ. ಅವನು ಮಾಮೂಲಿ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 15 ವರ್ಷ ದಾಟಿದ ಬೈಕಿಗೆ ಅದರ ಶುಲ್ಕ 2022ರಲ್ಲಿ 300ರಿಂದ 1,000 ರೂಪಾಯಿಗೆ ಏರಿತು. 1996ರಲ್ಲಿ ಮೈಸೂರಿನಿಂದ ಹೊರಬಂದ ಕೊನೆಯ ಯೆಜ್ಡಿಗಳು ವಿಂಟೇಜ್ ಪಟ್ಟಿಗೆ ಸೇರುವುದು 2046ರಲ್ಲಿ. ಅಲ್ಲಿಯವರೆಗೆ ಅವುಗಳ ಸೀಲು, ಬುಶ್ಶು, ರಿಂಗುಗಳನ್ನು ಹೊಂದಿಸಿಕೊಡುವ ಕೆಲಸ ಲೇಥಿನವನ ಮತ್ತು ಮೇಸ್ತ್ರಿಯ ಪಾಲಿಗೇ ಇದೆ.