ತಪ್ಪಿದ ಡಿಕ್ಕಿಗಳ ಲೆಕ್ಕ

ಎದುರುಬದುರಾಗಿ ಬರುವ ಎರಡು ರೈಲುಗಳು ಎಷ್ಟು ಹೊತ್ತಿನಲ್ಲಿ ಸಂಧಿಸುತ್ತವೆ ಎಂಬ ಲೆಕ್ಕವನ್ನು ನನ್ನ ತರಗತಿಯಲ್ಲಿ ಕುಳಿತವರಾರೂ ಮರೆತಿರಲಾರರು. ನಡುವಣ ದೂರವನ್ನು ಒಟ್ಟು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ. "ಇದರಿಂದೇನು ಪ್ರಯೋಜನ ಸಾರ್?" ಎಂದು ನಿಮ್ಮಲ್ಲಿ ಕೆಲವರು ಕೇಳುವುದಿತ್ತು. ಆ ಪ್ರಶ್ನೆಗೆ ಆಕಾಶದ ಇತಿಹಾಸದಲ್ಲಿ ಉತ್ತರವಿದೆ.

1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಮಂದಿ ಮಡಿದರು. ಒಬ್ಬರನ್ನೊಬ್ಬರು ಕಣ್ಣಾರೆ ಕಂಡು ತಪ್ಪಿಸಿಕೊಳ್ಳುವ ಹೊಣೆ ಅಲ್ಲಿ ಪೈಲಟ್‌ಗಳದೇ ಆಗಿತ್ತು. ಅದೇ ದಶಕದಲ್ಲಿ ಬೆಂಡಿಕ್ಸ್ ಕಂಪನಿಯ ಜಾನ್ ಮೊರೆಲ್, ಅಪಾಯವನ್ನು ದೂರದಿಂದಲ್ಲ, ಡಿಕ್ಕಿಗೆ ಉಳಿದಿರುವ ಕಾಲದಿಂದ ಅಳೆಯಬೇಕೆಂದು ಪ್ರತಿಪಾದಿಸಿದರು. ಗಂಟೆಗೆ 900 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬರುವ ಎರಡು ವಿಮಾನಗಳ ನಡುವೆ 20 ಕಿ.ಮೀ. ಇದ್ದರೆ ಉಳಿದಿರುವುದು ಕೇವಲ 40 ಸೆಕೆಂಡು! ನಮ್ಮ ರೈಲಿನ ಲೆಕ್ಕವೇ ಇದು. ಇದನ್ನಾಧರಿಸಿ ರೂಪುಗೊಂಡ ಟಿ.ಸಿ.ಎ.ಎಸ್. ಎಂಬ ಎಚ್ಚರಿಕೆಯ ಸಾಧನವನ್ನು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯಗೊಳಿಸುವ ಕಾನೂನನ್ನು ಅಮೆರಿಕ 1987ರಲ್ಲಿ ಮಾಡಿತು.

ನಮ್ಮ ದೇಶ ಈ ಪಾಠವನ್ನು ಬಹು ದುಬಾರಿ ಬೆಲೆ ತೆತ್ತು ಕಲಿಯಿತು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಹಾಗೂ ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಮೃತರಾದರು. ದೆಹಲಿಯಿಂದ ಹೊರಟ ಸೌದಿ ವಿಮಾನ 14,000 ಅಡಿಯಲ್ಲಿ, ದೆಹಲಿಗೆ ಬರುತ್ತಿದ್ದ ಕಜಕ್ ವಿಮಾನ 15,000 ಅಡಿಯಲ್ಲಿ ಇರಬೇಕಿತ್ತು; ಎರಡನೆಯದು ಆ ಮಟ್ಟಕ್ಕಿಂತ ಕೆಳಗಿಳಿದಿತ್ತು. ನಿಯಂತ್ರಕರ ಅಂದಿನ ರೇಡಾರ್‌ನಲ್ಲಿ ವಿಮಾನಗಳ ಎತ್ತರ ಕಾಣಿಸುತ್ತಿರಲಿಲ್ಲ. ಈ ದುರಂತದ ನಂತರವೇ ಭಾರತವೂ ಟಿ.ಸಿ.ಎ.ಎಸ್. ಅನ್ನು ಕಡ್ಡಾಯಗೊಳಿಸಿತು.

ಈಗಿನ ವಿಮಾನಗಳು ತಮ್ಮ ಸ್ಥಾನ, ಎತ್ತರ, ವೇಗಗಳನ್ನು ತಾವೇ ಪ್ರಸಾರ ಮಾಡುತ್ತವೆ. ಇದಕ್ಕೆ ಎ.ಡಿ.ಎಸ್.-ಬಿ ಎಂದು ಹೆಸರು. ಈ ಸಂಕೇತಗಳನ್ನು ಓದುವ ‘ಡಂಪ್1090’ ಎಂಬ ಮುಕ್ತ ತಂತ್ರಾಂಶವನ್ನು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2012ರಲ್ಲಿ ಬರೆದರು. ಸ್ವಿಟ್ಜರ್ಲೆಂಡಿನ ಓಪನ್‌ಸ್ಕೈ ಜಾಲ ಸ್ವಯಂಸೇವಕರ ನೆರವಿನಿಂದ ಇಂಥ ದತ್ತಾಂಶವನ್ನು ಸಂಗ್ರಹಿಸುತ್ತದೆ. ನನ್ನ ತಂಗಿಯ ಮಗನು ಒಂದು ದಿನದ ಹಳೆಯ ದತ್ತಾಂಶದ ಮೇಲೆ ಇಂಥ ತಂತ್ರಾಂಶವೊಂದನ್ನು ನಡೆಸಿ ತೋರಿಸಿದನು. ಸಾವಿರ ವಿಮಾನಗಳಿದ್ದರೆ 4,99,500 ಜೋಡಿಗಳಾಗುತ್ತವೆ. ಅಷ್ಟನ್ನೂ ಪ್ರತಿ ಸೆಕೆಂಡಿಗೂ ಹೋಲಿಸುವುದು ವ್ಯರ್ಥ. ಆದ್ದರಿಂದ ಅದು ಆಕಾಶವನ್ನು ಚೌಕಗಳಾಗಿ ವಿಂಗಡಿಸಿ, ಅಕ್ಕಪಕ್ಕದ ಚೌಕಗಳಲ್ಲಿರುವವನ್ನು ಮಾತ್ರ ಪರೀಕ್ಷಿಸುತ್ತದೆ: ಅಡ್ಡ ದೂರವೆಷ್ಟು, ಎತ್ತರದ ವ್ಯತ್ಯಾಸವೆಷ್ಟು, ಉಳಿದ ಕಾಲವೆಷ್ಟು? ಸಮಾನಾಂತರ ರನ್‌ವೇಗಳಿಗೆ ಜೊತೆಜೊತೆಯಾಗಿ ಇಳಿಯುವ ವಿಮಾನಗಳನ್ನೂ, ದೋಷಪೂರಿತ ಸಂಕೇತಗಳನ್ನೂ ಜರಡಿ ಹಿಡಿದ ಮೇಲೆ ಉಳಿಯುವ ಕೆಲವೇ ಜೋಡಿಗಳನ್ನು ಮನುಷ್ಯನೇ ಕುಳಿತು ನೋಡಬೇಕು.

ಆಗಿಹೋದದ್ದನ್ನು ಎಣಿಸಿ ಫಲವೇನು ಎನ್ನಬಹುದು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನ ಪೊಟೊಮ್ಯಾಕ್ ನದಿಯ ಮೇಲೆ ಪ್ರಯಾಣಿಕ ವಿಮಾನವೂ ಸೇನೆಯ ಹೆಲಿಕಾಪ್ಟರೂ ಡಿಕ್ಕಿಯಾಗಿ 67 ಮಂದಿ ಸತ್ತರು. ಬಳಿಕ ತನಿಖಾ ಮಂಡಳಿ ಹಳೆಯ ದತ್ತಾಂಶವನ್ನು ತೆರೆದು ನೋಡಿತು. 2021ರ ಅಕ್ಟೋಬರಿನಿಂದ 2024ರ ಡಿಸೆಂಬರಿನವರೆಗೆ ಆ ನಿಲ್ದಾಣದ ಬಳಿ ವಿಮಾನ-ಹೆಲಿಕಾಪ್ಟರ್‌ಗಳು ಒಂದು ನಾಟಿಕಲ್ ಮೈಲಿಗಿಂತ ಕಡಿಮೆ ದೂರ, 400 ಅಡಿಗಿಂತ ಕಡಿಮೆ ಎತ್ತರದ ಅಂತರದಲ್ಲಿ ಹಾದುಹೋದ ಪ್ರಸಂಗಗಳು 15,214! ಅವುಗಳಲ್ಲಿ 85 ಸಲ ದೂರ 1,500 ಅಡಿಗೂ, ಎತ್ತರದ ಅಂತರ 200 ಅಡಿಗೂ ಕಡಿಮೆಯಿತ್ತು. ಎಚ್ಚರಿಕೆ ದಾಖಲೆಯಲ್ಲಿಯೇ ಇತ್ತು, ಅದಕ್ಕೆ ಕಿವಿಗೊಟ್ಟವರಿರಲಿಲ್ಲ.

ತಂತ್ರಾಂಶವೇ ಸರ್ವಸ್ವವೂ ಅಲ್ಲ. ಅಂದು ಆ ಹೆಲಿಕಾಪ್ಟರ್ ಎ.ಡಿ.ಎಸ್.-ಬಿ ಸಂಕೇತವನ್ನು ಕಳುಹಿಸುತ್ತಿರಲಿಲ್ಲ. ಪ್ರಸಾರವಾಗದ್ದನ್ನು ಅದನ್ನೇ ನಂಬಿದ ತಂತ್ರಾಂಶ ಕಾಣಲಾರದು. ಆದರೂ ಅಧಿಕಾರಿಗಳ ಬೀರುವಿನಲ್ಲಷ್ಟೇ ಉಳಿಯಬಹುದಾದ ಲೆಕ್ಕವನ್ನು ಇಂದು ಒಬ್ಬ ವಿದ್ಯಾರ್ಥಿಯೂ ತನ್ನ ಕಂಪ್ಯೂಟರಿನಲ್ಲಿ ಮಾಡಬಲ್ಲನು, ಇನ್ನೊಬ್ಬನು ಅದನ್ನು ತಾಳೆ ನೋಡಬಲ್ಲನು. ಮುಕ್ತ ತಂತ್ರಾಂಶದ ನಿಜವಾದ ಬೆಲೆ ಇದೇ ಎಂದು ನನ್ನ ಭಾವನೆ. ಕಂಪ್ಯೂಟರ್ ಕ್ಷೇತ್ರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೆಚ್ಚಿನ ವಿವರಗಳನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.