ಆರೈಕೆಯನ್ನು ಅಳೆಯುವ ಬಗೆ: ಅಮೆರಿಕದ ನರ್ಸಿಂಗ್ ಹೋಮ್‌ಗಳ ಗುಣಮಟ್ಟ ಮೌಲ್ಯಮಾಪನದ ಬೆಳವಣಿಗೆ

ಊಟ, ಸ್ನಾನ, ಓಡಾಟಗಳಿಗೂ ಪರರ ನೆರವು ಬೇಕಾದ ವೃದ್ಧರು ಮತ್ತು ದೀರ್ಘಕಾಲದ ರೋಗಿಗಳು ತಿಂಗಳುಗಟ್ಟಲೆ, ಹಲವೊಮ್ಮೆ ಬದುಕಿನ ಕೊನೆಯವರೆಗೂ ವಾಸಿಸುವ ಸಂಸ್ಥೆಯನ್ನು ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎನ್ನುತ್ತಾರೆ. ಕರ್ನಾಟಕದ ಪೇಟೆಗಳಲ್ಲಿ ಇದೇ ಹೆಸರಿನ ಫಲಕ ಹೊತ್ತ ಸಣ್ಣ ಖಾಸಗಿ ಆಸ್ಪತ್ರೆಗಿಂತ ಇದು ಬೇರೆ. ಅಂಥ ಸುಮಾರು 15,000 ಸಂಸ್ಥೆಗಳು ಆ ದೇಶದಲ್ಲಿದ್ದು, ಸುಮಾರು 12 ಲಕ್ಷ ಮಂದಿ ಅವುಗಳಲ್ಲಿ ನೆಲೆಸಿದ್ದಾರೆ. ಆಸ್ಪತ್ರೆಯ ಯಶಸ್ಸನ್ನು ಗುಣವಾಗಿ ಮನೆಗೆ ಮರಳಿದವರ ಲೆಕ್ಕದಿಂದ ತಕ್ಕಮಟ್ಟಿಗಾದರೂ ಅಳೆಯಬಹುದು. ಆದರೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕೆಲವರ ಶಕ್ತಿ ಕುಂದುತ್ತಲೇ ಹೋಗುವ, ಚಿಕಿತ್ಸೆಯ ಜಾಗವೂ ವಾಸದ ಮನೆಯೂ ಒಂದೇ ಆಗಿರುವ ಇಂಥ ಕಡೆ ಒಳ್ಳೆಯ ಆರೈಕೆ ಎಂದರೇನು, ಅದನ್ನು ಹೊರಗಿನವರು ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಒಂದು ಅಧ್ಯಯನ ಕ್ಷೇತ್ರ ಅರ್ಧ ಶತಮಾನಕ್ಕೂ ಮಿಕ್ಕಿ ಬೆಳೆದಿದೆ.

ಹಿಂದೆ ದಿಕ್ಕಿಲ್ಲದ ವೃದ್ಧರಿಗೆ ಆಸರೆಯಾಗಿದ್ದುದು ಸ್ಥಳೀಯ ಆಡಳಿತಗಳು ನಡೆಸುತ್ತಿದ್ದ ಬಡವರ ಮನೆಗಳು. ಅವುಗಳ ಅಪಕೀರ್ತಿಯಿಂದ ಬೇಸತ್ತ ಶಾಸನಕಾರರು 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ, ಸಾರ್ವಜನಿಕ ಸಂಸ್ಥೆಗಳಲ್ಲಿ ವಾಸಿಸುವವರಿಗೆ ವೃದ್ಧಾಪ್ಯದ ನೆರವು ಸಲ್ಲದೆಂದು ನಿರ್ಬಂಧ ಹಾಕಿದ್ದರಿಂದ, ನೆರವಿನ ಹಣ ಕೈಯಲ್ಲಿದ್ದ ವೃದ್ಧರನ್ನು ಸೇರಿಸಿಕೊಳ್ಳಲು ಖಾಸಗಿ ಮನೆಗಳು ಹುಟ್ಟಿಕೊಂಡವು. ಇಂದಿಗೂ ಈ ಉದ್ಯಮದ ಬಹುಪಾಲು ಲಾಭದ ಸಂಸ್ಥೆಗಳ ಕೈಯಲ್ಲಿರುವುದಕ್ಕೆ ಇದೂ ಒಂದು ಕಾರಣ. 1950ರ ತಿದ್ದುಪಡಿ ರಾಜ್ಯಗಳು ಇಂಥ ಸಂಸ್ಥೆಗಳಿಗೆ ಪರವಾನಗಿ ನೀಡುವ ವ್ಯವಸ್ಥೆ ಮಾಡಬೇಕೆಂದಿತು. ಪರವಾನಗಿಗಾಗಿ ನೋಡುತ್ತಿದ್ದುದು ಮುಖ್ಯವಾಗಿ ಕಟ್ಟಡವನ್ನು: ಓಣಿಯ ಅಗಲ, ಬೆಂಕಿಯಿಂದ ಪಾರಾಗುವ ದಾರಿ, ಅಡುಗೆಮನೆಯ ಶುಚಿತ್ವ. 1965ರಲ್ಲಿ ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಯೂ ಮೆಡಿಕೈಡ್ ಎಂಬ ಬಡವರ ವೈದ್ಯಕೀಯ ನೆರವೂ ಬಂದು ಸರ್ಕಾರವೇ ದೊಡ್ಡ ಪಾವತಿದಾರನಾದಾಗ ನಿಯಮಗಳು ಬಿಗಿಯಾದವು. ಆದರೆ ಅವನ್ನು ಪೂರೈಸಬಲ್ಲ ಸಂಸ್ಥೆಗಳೇ ಕಡಿಮೆ ಇದ್ದುದರಿಂದ, ಬಹುಮಟ್ಟಿಗೆ ಪಾಲಿಸಿದರೆ ಸಾಕು ಎಂಬ ಸಡಿಲಿಕೆಯಲ್ಲಿ ಸಾವಿರಾರು ಮನೆಗಳಿಗೆ ಮಾನ್ಯತೆ ದೊರೆಯಿತು.

ಈ ಕ್ಷೇತ್ರಕ್ಕೆ ಚಿಂತನೆಯ ಚೌಕಟ್ಟು ಸಿಕ್ಕಿದ್ದು ಮರುವರ್ಷ. ಬೇರೂತ್‌ನಲ್ಲಿ ಹುಟ್ಟಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ವೈದ್ಯ ಅವೆಡಿಸ್ ಡೊನಬೀಡಿಯನ್ 1966ರ ಪ್ರಬಂಧವೊಂದರಲ್ಲಿ ವೈದ್ಯಕೀಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸಬಹುದೆಂದು ತೋರಿಸಿದರು. ಮಲಗಿದಲ್ಲೇ ಇರುವವರ ಬೆನ್ನಿಗೋ ಸೊಂಟಕ್ಕೋ ಆಗುವ ಹಾಸಿಗೆ ಹುಣ್ಣನ್ನೇ ತೆಗೆದುಕೊಂಡರೆ, ತಕ್ಕ ಹಾಸಿಗೆಯೂ ಸಾಕಷ್ಟು ಸಿಬ್ಬಂದಿಯೂ ಇರುವುದು ರಚನೆ. ಅವರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುವುದು ಪ್ರಕ್ರಿಯೆ. ಹುಣ್ಣಾಯಿತೋ ಇಲ್ಲವೋ ಎಂಬುದು ಫಲಿತಾಂಶ. ಒಂದು ನೆಲೆಯಲ್ಲಿ ಚೆನ್ನಾಗಿರುವುದು ಇನ್ನೊಂದರಲ್ಲಿಯೂ ಚೆನ್ನಾಗಿರುತ್ತದೆಂದು ಮೊದಲೇ ನಂಬುವಂತಿಲ್ಲ, ಅವುಗಳ ನಡುವಿನ ಸಂಬಂಧವನ್ನು ಸಾಧಿಸಿ ತೋರಿಸಬೇಕು ಎಂಬ ಅವರ ಎಚ್ಚರಿಕೆಯನ್ನು ಮುಂದಿನವರು ಚೌಕಟ್ಟಿನಷ್ಟು ಶ್ರದ್ಧೆಯಿಂದ ನೆನಪಿಟ್ಟುಕೊಳ್ಳಲಿಲ್ಲ.

1970ರ ದಶಕ ಹಗರಣಗಳ ಕಾಲ. ಸೆನೆಟರ್ ಫ್ರಾಂಕ್ ಮಾಸ್ ಅವರ ಉಪಸಮಿತಿಯ ವಿಚಾರಣೆಗಳು ಹೊಲಸು, ಹಸಿವು, ಹೊಡೆತ, ಮಿತಿಮೀರಿದ ನಿದ್ರೆಮದ್ದುಗಳ ಸಾಕ್ಷ್ಯವನ್ನು ಸಾರ್ವಜನಿಕರ ಮುಂದಿಟ್ಟವು. ಆದರೆ ಮೌಲ್ಯಮಾಪನದ ತರ್ಕವನ್ನೇ ಬದಲಿಸಿದ್ದು ಕೊಲೊರಾಡೊದ ನಿವಾಸಿಗಳ ಪರವಾಗಿ ಹೂಡಲಾದ ಮೊಕದ್ದಮೆ. ಅಂದಿನ ತಪಾಸಣೆ ಸಂಸ್ಥೆಗೆ ಒಳ್ಳೆಯ ಆರೈಕೆ ಕೊಡುವ ಸಾಮರ್ಥ್ಯವಿದೆಯೇ ಎಂಬುದನ್ನಷ್ಟೇ, ಅದೂ ಹೆಚ್ಚಾಗಿ ಕಾಗದಪತ್ರಗಳಲ್ಲಿ, ಪರಿಶೀಲಿಸುತ್ತಿತ್ತು. ಆರೈಕೆ ನಿಜವಾಗಿ ಸಿಗುತ್ತಿದೆಯೇ ಎಂದು ತಿಳಿದುಕೊಳ್ಳುವುದು ಕೇಂದ್ರ ಸರ್ಕಾರದ ಕರ್ತವ್ಯವೆಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ತಪಾಸಕರು ಕಡತದ ಕೋಣೆಯಿಂದ ಎದ್ದು ನಿವಾಸಿಗಳ ಹಾಸಿಗೆಯ ಬಳಿಗೆ ಬರುವಂತಾದದ್ದು ಈ ತೀರ್ಪಿನ ನಂತರ.

ಅದೇ ಹೊತ್ತಿಗೆ ಅಧ್ಯಕ್ಷ ರೇಗನ್ ಆಡಳಿತ ನಿಯಮಗಳನ್ನು ಸಡಿಲಿಸಲು ಹೊರಟು, ವಿರೋಧ ಎದ್ದು, ವಿಷಯ ವೈದ್ಯಕೀಯ ಸಂಸ್ಥಾನ ಎಂಬ ವಿದ್ವತ್ ಮಂಡಲಿಯ ಸಮಿತಿಗೆ ಹೋಯಿತು. ಸಮಿತಿಯ ಅಧ್ಯಕ್ಷರಾಗಿದ್ದವರು ಸಿಡ್ನಿ ಕಾಟ್ಜ್. ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಸ್ಥಳಾಂತರ, ಮಲಮೂತ್ರದ ಹಿಡಿತ, ಉಣ್ಣುವುದು ಎಂಬ ಆರು ಕೆಲಸಗಳಲ್ಲಿ ಒಬ್ಬರು ಎಷ್ಟು ಸ್ವಾವಲಂಬಿ ಎಂದು ನೋಡುವ ಮಾಪನವನ್ನು 1963ರಲ್ಲಿ ಪ್ರಕಟಿಸಿದವರೂ ಅವರೇ. ರೋಗದ ಹೆಸರಿಗಿಂತ ದೈನಂದಿನ ಸಾಮರ್ಥ್ಯ ಮುಖ್ಯವೆಂಬ ಆ ದೃಷ್ಟಿ 1986ರ ಸಮಿತಿ ವರದಿಯಲ್ಲೂ, ಅದನ್ನು ಬಹುಮಟ್ಟಿಗೆ ಒಪ್ಪಿಕೊಂಡ 1987ರ ಸುಧಾರಣಾ ಕಾಯ್ದೆಯಲ್ಲೂ ಎದ್ದು ಕಾಣುತ್ತದೆ. ಪ್ರತಿ ನಿವಾಸಿಯೂ ದೇಹ, ಮನಸ್ಸು, ಸಾಮಾಜಿಕ ಬದುಕು ಈ ಮೂರರಲ್ಲಿಯೂ ಸಾಧ್ಯವಿರುವ ಅತ್ಯುನ್ನತ ಸ್ಥಿತಿಯಲ್ಲಿರುವಂತೆ ಸಂಸ್ಥೆ ನೋಡಿಕೊಳ್ಳಬೇಕೆಂಬುದು ಕಾಯ್ದೆಯ ತಿರುಳು. ಮುನ್ಸೂಚನೆಯಿಲ್ಲದ ತಪಾಸಣೆ 15 ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಆರೈಕೆ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಬೇಕು, ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಿಹಾಕುವಂತಿಲ್ಲ, ಮದ್ದು ಕೊಟ್ಟು ಮಂಕು ಮಾಡುವಂತಿಲ್ಲ ಎಂಬ ವಿಧಿಗಳು ಅದರಲ್ಲಿವೆ. 1980ರ ದಶಕದಲ್ಲಿ ಸುಮಾರು ಶೇ 40ರಷ್ಟು ನಿವಾಸಿಗಳನ್ನು ಕುರ್ಚಿಗೋ ಹಾಸಿಗೆಗೋ ಕಟ್ಟಲಾಗುತ್ತಿತ್ತೆಂಬ ಅಂದಾಜಿದ್ದು, ಇಂದು ಆ ಪ್ರಮಾಣ ಶೇ 2ಕ್ಕಿಂತ ಕೆಳಗಿದೆ. ಈ ಕ್ಷೇತ್ರದ ಅತಿ ಸ್ಪಷ್ಟವಾದ ಗೆಲುವು ಇದೇ.

ಕಾಯ್ದೆಯ ಇನ್ನೊಂದು ಫಲ ಏಕರೂಪದ ನಿವಾಸಿ ಮೌಲ್ಯಾಂಕನ ನಮೂನೆ. ಜಾನ್ ಮಾರಿಸ್, ಬ್ರಾಂಟ್ ಫ್ರೈಸ್, ಕ್ಯಾಥರಿನ್ ಹಾಸ್, ವಿನ್ಸೆಂಟ್ ಮೋರ್ ಮೊದಲಾದವರು ರೂಪಿಸಿದ ಈ ನಮೂನೆಯಲ್ಲಿ ಪ್ರತಿಯೊಬ್ಬರ ನೆನಪು, ನಡಿಗೆ, ನೋವು, ತೂಕ, ಹುಣ್ಣು, ಔಷಧಗಳನ್ನು ನಿಗದಿತ ಅವಧಿಗೊಮ್ಮೆ ದಾಖಲಿಸಬೇಕಾಗಿತ್ತು. ಹುಟ್ಟಿದ್ದು ಆರೈಕೆಯ ಯೋಜನೆಗಾಗಿ. ಆದರೆ ದೇಶದ ಅಷ್ಟೂ ನಿವಾಸಿಗಳ ಮಾಹಿತಿ ಒಂದೇ ಅಚ್ಚಿನಲ್ಲಿ ದೊರೆತ ಮೇಲೆ ಅದರಿಂದ ಗುಣಮಟ್ಟ ಸೂಚಕಗಳನ್ನು, ಎಂದರೆ ಹೊಸದಾಗಿ ಹುಣ್ಣಾದವರು, ತೂಕ ಕಳೆದುಕೊಂಡವರು ಮೊದಲಾದವರ ಶೇಕಡಾ ಪ್ರಮಾಣವನ್ನು, ಸಂಸ್ಥೆವಾರು ಲೆಕ್ಕ ಹಾಕುವ ಆಸೆ ಸಹಜವಾಗಿಯೇ ಮೂಡಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಝಿಮ್ಮರ್‌ಮನ್ ತಂಡ 1995ರಲ್ಲಿ ಇವನ್ನು ಪ್ರಕಟಿಸಿತು. ಅದೇ ನಮೂನೆ ಕ್ರಮೇಣ ಹಣ ಪಾವತಿಯ ಆಧಾರವೂ ಆಯಿತು. ಆರೈಕೆಗೆ, ಬಿಲ್ಲಿಗೆ, ಪರೀಕ್ಷೆಗೆ ಒಂದೇ ದಾಖಲೆ, ಅದನ್ನು ತುಂಬುವವರೂ ಪರೀಕ್ಷೆಗೆ ಕುಳಿತವರೇ: ಮುಂದಿನ ತೊಡಕುಗಳ ಬೇರು ಇಲ್ಲಿದೆ.

ತೊಡಕುಗಳೆಲ್ಲ ಮೋಸದಿಂದ ಬಂದವಲ್ಲ. ನೋವಿದೆಯೇ ಎಂದು ಪ್ರತಿಯೊಬ್ಬರನ್ನೂ ಆಸ್ಥೆಯಿಂದ ವಿಚಾರಿಸುವ ಸಂಸ್ಥೆಯಲ್ಲಿ ನೋವಿನ ದಾಖಲೆ ಹೆಚ್ಚುತ್ತದೆ, ಕೇಳದೆ ಇರುವಲ್ಲಿ ನೋವೇ ಇಲ್ಲವೆಂಬಂತೆ ಕಾಣುತ್ತದೆ. ಹೀಗೆ ಒಳ್ಳೆಯದೇ ಕೆಟ್ಟದ್ದಾಗಿ ತೋರುವುದನ್ನು ಸಂಶೋಧಕರು ಪತ್ತೆಹಚ್ಚುವಿಕೆಯ ಪಕ್ಷಪಾತವೆನ್ನುತ್ತಾರೆ. ಹೆಚ್ಚು ಬಳಲಿದವರನ್ನು ಸೇರಿಸಿಕೊಳ್ಳುವ ಸಂಸ್ಥೆಗೆ ಅನ್ಯಾಯವಾಗದಂತೆ ಲೆಕ್ಕ ಸರಿಪಡಿಸಲು ಅಪಾಯ ಹೊಂದಾಣಿಕೆ ಎಂಬ ಸಂಖ್ಯಾಶಾಸ್ತ್ರದ ವಿಧಾನವಿದೆಯಾದರೂ, ಕಳಪೆ ಆರೈಕೆಯಿಂದಲೇ ಬಳಲಿದವರನ್ನೂ ಅದು ಮೊದಲಿನಿಂದ ಬಳಲಿದವರೆಂದು ಎಣಿಸಿಬಿಡಬಹುದು. ಸಮಾಜಶಾಸ್ತ್ರಜ್ಞ ತಿಮೋತಿ ಡೈಮಂಡ್ ಸ್ವತಃ ಆರೈಕೆ ಸಹಾಯಕರಾಗಿ ದುಡಿದು 1992ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಮಾಡಿದ ಕೆಲಸದ ಬಹುಭಾಗ ದಾಖಲೆಗೆ ಸೇರುವುದೇ ಇಲ್ಲ ಎಂಬುದನ್ನು ವಿವರಿಸಿದರೆ, ಸಂಶೋಧಕ ಜಾನ್ ಶ್ನೆಲ್ ಮತ್ತು ಸಂಗಡಿಗರು ಪಕ್ಕದಲ್ಲೇ ನಿಂತು ಗಮನಿಸಿ, ಮಾಡದ ಕೆಲಸವೂ ದಾಖಲೆಯಲ್ಲಿ ಸೇರಿರುತ್ತದೆ, ನಿವಾಸಿ ಉಂಡದ್ದಕ್ಕಿಂತ ಹೆಚ್ಚು ಬರೆಯಲಾಗಿರುತ್ತದೆ ಎಂದು ತೋರಿಸಿದರು. ಶುದ್ಧ ಮೋಸವೂ ಇಲ್ಲದಿಲ್ಲ. ಮರೆವಿನ ಕಾಯಿಲೆಯವರನ್ನು ಸುಮ್ಮನಿರಿಸಲು ಮನೋರೋಗದ ಬಲವಾದ ಔಷಧಗಳನ್ನು ಕೊಡುವ ರೂಢಿಯನ್ನು ತಗ್ಗಿಸಲು 2012ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭವಾಗಿ ಅಂಕಿ ಇಳಿಯತೊಡಗಿತು. ಸ್ಕಿಜೋಫ್ರೀನಿಯಾ ರೋಗಿಗಳನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದರಿಂದ, ವೃದ್ಧಾಪ್ಯದಲ್ಲಿ ಹೊಸದಾಗಿ ತಲೆದೋರುವುದು ಅಪರೂಪವಾದ ಆ ರೋಗ ಎಷ್ಟೋ ನಿವಾಸಿಗಳ ಕಡತದಲ್ಲಿ ದಿಢೀರನೆ ಕಾಣಿಸಿಕೊಂಡಿತು. ಪತ್ರಿಕೆಗಳು 2021ರಲ್ಲಿ ಇದನ್ನು ಬಯಲಿಗೆಳೆದ ಮೇಲೆ, 2023ರಲ್ಲಿ ಸರ್ಕಾರ ಇಂಥ ರೋಗನಿರ್ಣಯಗಳ ಪರಿಶೋಧನೆಗೆ ಮುಂದಾಯಿತು.

ತಪಾಸಣೆಯ ಕಡೆಗೂ ಪ್ರಶ್ನೆಗಳಿದ್ದವು. ಅಮೆರಿಕದ ತಪಾಸಕರು ಕಂಡ ಪ್ರತಿ ಲೋಪವನ್ನೂ ಅದರ ತೀವ್ರತೆ ಮತ್ತು ವ್ಯಾಪ್ತಿಗೆ ಅನುಗುಣವಾಗಿ ಹನ್ನೆರಡು ಚೌಕಗಳ ಕೋಷ್ಟಕದಲ್ಲಿ ಇಡುತ್ತಾರೆ; ಒಂದೇ ಬಗೆಯ ಲೋಪಕ್ಕೆ ಒಂದು ರಾಜ್ಯದಲ್ಲಿ ದಂಡ, ಇನ್ನೊಂದರಲ್ಲಿ ಬರೀ ಎಚ್ಚರಿಕೆ ಸಿಗುವುದನ್ನೂ, ಗಂಭೀರ ಲೋಪಗಳು ಹಗುರವಾಗಿ ದಾಖಲಾಗುವುದನ್ನೂ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಹಲವು ವರದಿಗಳಲ್ಲಿ ಎತ್ತಿ ತೋರಿಸಿದೆ. ಇದಕ್ಕೆ ಎದುರಾಗಿ ಆಸ್ಟ್ರೇಲಿಯಾ 1980ರ ದಶಕದ ಕೊನೆಯಲ್ಲಿ, ನಿವಾಸಿಯ ಘನತೆ, ಏಕಾಂತ, ಮನೆಯಂಥ ವಾತಾವರಣ ಮುಂತಾದ ಕೇವಲ 31 ವಿಶಾಲ ಮಾನದಂಡಗಳನ್ನು ಇಟ್ಟುಕೊಂಡಿತ್ತು. ಅಮೆರಿಕದ ಐನೂರಕ್ಕೂ ಮಿಕ್ಕ ಸೂಕ್ಷ್ಮ ನಿಯಮಗಳಿಗಿಂತ ಈ ಸಡಿಲವಾದ ಮಾತುಗಳ ಮೇಲೆಯೇ ತಪಾಸಕರ ನಡುವೆ ಹೆಚ್ಚು ಒಮ್ಮತ ಮೂಡುತ್ತಿತ್ತೆಂದು ಜಾನ್ ಮತ್ತು ವ್ಯಾಲರಿ ಬ್ರೇತ್‌ವೇಟ್ ಅವರ ಅಧ್ಯಯನ ತೋರಿಸಿದಾಗ ಅನೇಕರಿಗೆ ಅಚ್ಚರಿಯಾಯಿತು. ಅವರ ವಿವರಣೆ ಸರಳ: ನಿಯಮಗಳು ನೂರಾರು ಇದ್ದಾಗ ಪ್ರತಿ ತಪಾಸಕನೂ ತನಗೆ ಒಗ್ಗಿದ ಕೆಲವನ್ನೇ ನೋಡುತ್ತಾನೆ, ಕೆಲವೇ ಇದ್ದಾಗ ನಿವಾಸಿಗಳು, ಬಂಧುಗಳು, ಸಿಬ್ಬಂದಿಯೊಡನೆ ಮಾತಾಡಿ ಒಟ್ಟು ಚಿತ್ರ ಕಟ್ಟಿಕೊಳ್ಳಬೇಕಾಗುತ್ತದೆ. ಗುರಿ ಮರೆತು ವಿಧಿಗೆ ಜೋತುಬೀಳುವ ಅಮೆರಿಕದ ಪ್ರವೃತ್ತಿಯನ್ನು ಅವರು ಟೀಕಿಸಿದ್ದೂ ಇದರಿಂದಲೇ. ಆದರೆ ಆಸ್ಟ್ರೇಲಿಯಾ ಸ್ವತಃ 1997ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. 2018ರಲ್ಲಿ ವೃದ್ಧರ ಆರೈಕೆಯ ಲೋಪಗಳ ವಿಚಾರಣೆಗೆ ರಾಯಲ್ ಆಯೋಗವನ್ನೇ ನೇಮಿಸಬೇಕಾದ ಸ್ಥಿತಿಗೂ ಬಂತು.

ಅಮೆರಿಕದಲ್ಲಿ 1998ರಿಂದ ತಪಾಸಣಾ ಫಲಿತಾಂಶಗಳೂ, 2002ರಿಂದ ಸೂಚಕಗಳೂ ಸಾರ್ವಜನಿಕವಾಗಿ ಸಿಗತೊಡಗಿದವು. 2008ರ ಡಿಸೆಂಬರಿನಲ್ಲಿ ಇವೆಲ್ಲವನ್ನೂ ಒಂದರಿಂದ ಐದು ನಕ್ಷತ್ರಗಳ ಶ್ರೇಣಿಗೆ ಇಳಿಸಲಾಯಿತು. ತಪಾಸಣೆ, ಸಿಬ್ಬಂದಿ, ಸೂಚಕಗಳೆಂಬ ಮೂರು ಭಾಗಗಳಲ್ಲಿ ತಪಾಸಣೆಯೇ ಬುನಾದಿ. ಅದರಲ್ಲಿ ಆಯಾ ರಾಜ್ಯದ ಮೇಲಿನ ಶೇ 10ಕ್ಕೆ ಐದು ನಕ್ಷತ್ರ, ಕೆಳಗಿನ ಶೇ 20ಕ್ಕೆ ಒಂದು ಎಂದು ಹಂಚಲಾಯಿತು. ರಾಜ್ಯದ ಎಲ್ಲ ಸಂಸ್ಥೆಗಳೂ ಕೆಟ್ಟಿದ್ದರೂ ಶೇ 10ಕ್ಕೆ ಪೂರ್ತಿ ಅಂಕ ಸಿಗುವ ಈ ಲೆಕ್ಕ ಸಾಪೇಕ್ಷವಾದುದೆಂಬುದು ಶ್ರೇಣಿಯನ್ನು ನೋಡುವ ಸಾಮಾನ್ಯ ಕುಟುಂಬಕ್ಕೆ ಹೊಳೆಯುವುದು ಕಷ್ಟ. ಉಳಿದೆರಡು ಭಾಗಗಳು ಸಂಸ್ಥೆಗಳು ತಾವೇ ಕೊಟ್ಟ ಮಾಹಿತಿಯನ್ನು ಅವಲಂಬಿಸಿದ್ದರಿಂದ, ತಪಾಸಣೆಯಲ್ಲಿ ಹಿಂದುಳಿದವರೂ ಅವುಗಳಲ್ಲಿ ಮೇಲೇರುತ್ತಿದ್ದರು. ಅದಕ್ಕೂ ಮಿಗಿಲಾದ ಕೊರತೆಯೊಂದಿತ್ತು: ಮೆಡಿಕೈಡ್‌ನ ಕಡಿಮೆ ದರವನ್ನೇ ನಂಬಿದ ಬಡ ನಿವಾಸಿಗಳು ಕೆಳದರ್ಜೆಯ ಸಂಸ್ಥೆಗಳಲ್ಲೇ ಗುಂಪುಗೂಡಿರುತ್ತಾರೆಂದು ವಿನ್ಸೆಂಟ್ ಮೋರ್ ಮತ್ತಿತರರು 2004ರಲ್ಲೇ ತೋರಿಸಿದ್ದರು. ಆಯ್ಕೆಯೇ ಇಲ್ಲದವರಿಗೆ ನಕ್ಷತ್ರಗಳಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಇದರ ಪಕ್ಕದಲ್ಲಿ ಸಣ್ಣದಾದರೂ ಬೆಲೆಯುಳ್ಳ ಇನ್ನೊಂದು ಧಾರೆ ಹರಿಯಿತು. ಮಿನೆಸೋಟ ವಿಶ್ವವಿದ್ಯಾಲಯದ ರೋಸಲೀ ಕೇನ್ ಅವರು ಆರೈಕೆಯ ಗುಣಮಟ್ಟಕ್ಕಿಂತ ಬದುಕಿನ ಗುಣಮಟ್ಟವನ್ನು ಮುಂದಿಟ್ಟು, ಸ್ವಂತಿಕೆ, ಏಕಾಂತ, ಸಂಬಂಧ, ಊಟದ ಸುಖ, ಆಧ್ಯಾತ್ಮಿಕ ನೆಮ್ಮದಿ ಮೊದಲಾದ ವಿಷಯಗಳ ಬಗ್ಗೆ ನಿವಾಸಿಗಳನ್ನೇ ಕೇಳುವ ಪ್ರಶ್ನಾವಳಿ ರೂಪಿಸಿದರು. ನೆನಪು ಕುಂದಿದವರಲ್ಲೂ ಅನೇಕರು ನಂಬಲರ್ಹ ಉತ್ತರ ಕೊಡಬಲ್ಲರೆಂಬುದು ಇದರಿಂದ ಸಿದ್ಧವಾಯಿತು. ಮಿನೆಸೋಟ ರಾಜ್ಯ ತನ್ನ ಅಂಕಪಟ್ಟಿಯಲ್ಲಿ ನಿವಾಸಿಗಳ ಸಂದರ್ಶನಕ್ಕೆ ಸ್ಥಾನ ಕೊಟ್ಟಿತು. ರಾಷ್ಟ್ರೀಯ ನಕ್ಷತ್ರ ಶ್ರೇಣಿಯಲ್ಲಿ ನಿವಾಸಿಗಳ ತೃಪ್ತಿಯನ್ನು ಅಳೆಯುವ ಭಾಗವೇ ಇಲ್ಲದಿರುವುದು ಅದರ ದೊಡ್ಡ ದೋಷ.

ಇಷ್ಟೆಲ್ಲ ಅಳತೆಗಳ ನಡುವೆ ಹೆಚ್ಚು ಭರವಸೆ ಇಡಬಹುದಾದದ್ದು ಡೊನಬೀಡಿಯನ್ ಅವರ ವರ್ಗೀಕರಣದಲ್ಲಿ ಮೊದಲ ನೆಲೆಗೆ ಸೇರಿದ ಸಿಬ್ಬಂದಿಯ ಲೆಕ್ಕ. ಒಬ್ಬ ನಿವಾಸಿಗೆ ದಿನಕ್ಕೆ ಸುಮಾರು 4.1 ಗಂಟೆಗಳ ಶುಶ್ರೂಷೆ ಸಿಗದಿದ್ದರೆ ಹಾನಿಯ ಸಂಭವ ಹೆಚ್ಚುತ್ತದೆಂದು ಸರ್ಕಾರಕ್ಕಾಗಿ ನಡೆದ 2001ರ ಅಧ್ಯಯನ ಹೇಳಿತ್ತು. 2016ರಿಂದ ಸಂಸ್ಥೆಗಳು ಸಂಬಳದ ಪಟ್ಟಿಯ ಆಧಾರದಲ್ಲಿ ದಿನವಾರು ಹಾಜರಿ ಸಲ್ಲಿಸಬೇಕಾದಾಗ, ಅವು ಮೊದಲು ಹೇಳಿಕೊಳ್ಳುತ್ತಿದ್ದುದಕ್ಕಿಂತ ಸಿಬ್ಬಂದಿ ಕಡಿಮೆಯೆಂದೂ, ಶನಿವಾರ ಭಾನುವಾರಗಳಲ್ಲಿ ಇನ್ನಷ್ಟು ಕಡಿಮೆಯೆಂದೂ ಗೊತ್ತಾಯಿತು. ಕೋವಿಡ್ ಕಾಲದಲ್ಲಿ ಸೋಂಕು ಒಳಹೊಕ್ಕಿತೇ ಎಂಬುದನ್ನು ನಕ್ಷತ್ರಗಳಿಗಿಂತ ಸುತ್ತಲಿನ ಊರಿನ ಸೋಂಕಿನ ಮಟ್ಟವೇ ಹೆಚ್ಚಾಗಿ ನಿರ್ಧರಿಸಿತಾದರೂ, ಒಳಹೊಕ್ಕ ಮೇಲೆ ನರ್ಸ್‌ಗಳು ಹೆಚ್ಚಿದ್ದಲ್ಲಿ ಸಾವು ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ಗುರುತಿಸಿದವು. ಈ ಹಿನ್ನೆಲೆಯಲ್ಲಿ 2024ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದಿನಕ್ಕೆ 3.48 ಗಂಟೆಗಳ ಕನಿಷ್ಠ ಮಿತಿಯನ್ನೂ, ದಿನದ 24 ಗಂಟೆಯೂ ನೋಂದಾಯಿತ ನರ್ಸ್ ಇರಬೇಕೆಂಬ ನಿಯಮವನ್ನೂ ಅಧಿಕೃತವಾಗಿ ಪ್ರಕಟಿಸಿತು. ನರ್ಸ್‌ಗಳು ಸಿಗುವುದಿಲ್ಲ, ವೆಚ್ಚ ತೂಗುವುದಿಲ್ಲ ಎಂದು ಉದ್ಯಮ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಕೇಂದ್ರ ನ್ಯಾಯಾಲಯವೊಂದು ಆ ನಿಯಮದ ಮುಖ್ಯ ಭಾಗಗಳನ್ನು ರದ್ದುಪಡಿಸಿತು, ಜುಲೈನಲ್ಲಿ ಸಂಸತ್ತು ಅದರ ಜಾರಿಯನ್ನು 2034ರವರೆಗೆ ತಡೆಯಿತು. ಹೀಗಾಗಿ ನೋಂದಾಯಿತ ನರ್ಸ್ ದಿನಕ್ಕೆ ಎಂಟು ಗಂಟೆ ಇದ್ದರೆ ಸಾಕೆಂಬ 1987ರ ಕಾಯ್ದೆಯ ಅಳತೆಯೇ ಜಾರಿಯಲ್ಲಿ ಉಳಿದಿದೆ.