ಯಾವ ಮ್ಯಾಚ್ ಕಾನೂನಿನ ಲೆಕ್ಕಕ್ಕೆ ಬರುತ್ತೆ? ಇಂಗ್ಲೆಂಡಿನ ಫುಟ್ಬಾಲ್ ಪ್ರೇಕ್ಷಕರ ಕಾಯ್ದೆ ಹೇಳೋದಿಷ್ಟು

ಗೋಲ್ ಬಿದ್ದ ಖುಷಿಗೆ ಯಾರಾದ್ರೂ ಮೈದಾನಕ್ಕೆ ನುಗ್ಗಿದರೆ ಏನಾಗುತ್ತೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆ ಉತ್ತರ ಸಿಗೋದು ಅದು ಯಾವ ಮ್ಯಾಚ್ ಅನ್ನೋದರ ಮೇಲೆ. ಪಾರ್ಕಿನಲ್ಲಿ ಗೆಳೆಯರು ಆಡುವ ಆಟವಾದರೆ ನಾಲ್ಕು ಬೈಗುಳ ತಿಂದು ವಾಪಸ್ ಬರಬಹುದು. ಲೀಗ್ ಕ್ಲಬ್ಬಿನ ಮ್ಯಾಚಾದರೆ ಅದೇ ಕೆಲಸ ಅಪರಾಧ.

ಕಾಯ್ದೆ ಬಂದಿದ್ದು ಹೇಗೆ?

1985ರ ಮೇ 29ರಂದು ಬ್ರಸೆಲ್ಸ್‌ನ ಹೇಸಲ್ ಸ್ಟೇಡಿಯಂ ಗಲಾಟೆಯಲ್ಲಿ 39 ಜನ ಸತ್ತರು. ಬಳಿಕ ಬ್ರಿಟನ್ ಸರ್ಕಾರ ಫುಟ್ಬಾಲ್ ಪ್ರೇಕ್ಷಕರ ಮಸೂದೆ ತಂತು. ಅದು ಸಂಸತ್ತಿನಲ್ಲಿ ಇರುವಾಗಲೇ, 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ದುರಂತ ನಡೆಯಿತು. ಅದರಲ್ಲಿ ಒಟ್ಟು 97 ಜೀವ ಹೋದವು. ಅಲ್ಲಿ ಪ್ರೇಕ್ಷಕರದ್ದು ತಪ್ಪಿಲ್ಲ ಎಂದು 2016ರಲ್ಲಿ ಜ್ಯೂರಿ ಹೇಳಿತು. ಮಸೂದೆ 1989ರ ನವೆಂಬರ್‌ನಲ್ಲಿ ಕಾಯ್ದೆಯಾಯಿತು. ಅದರಲ್ಲಿದ್ದ ಪ್ರೇಕ್ಷಕರ ಗುರುತಿನ ಚೀಟಿ ಯೋಜನೆ ಮಾತ್ರ ಜಾರಿಗೆ ಬರಲೇ ಇಲ್ಲ.

ಯಾವ ಮ್ಯಾಚ್ ಸೇರುತ್ತೆ?

ಎಷ್ಟು ಜನ ಸೇರಿದ್ದಾರೆ ಅನ್ನೋದು ಇಲ್ಲಿ ಮುಖ್ಯವಲ್ಲ, ತಂಡ ಯಾವುದು ಅನ್ನೋದು ಮುಖ್ಯ. ಆಡುವ ಎರಡು ತಂಡಗಳಲ್ಲಿ ಒಂದಾದರೂ ಪ್ರೀಮಿಯರ್ ಲೀಗ್, ಇಂಗ್ಲಿಷ್ ಫುಟ್ಬಾಲ್ ಲೀಗ್, ನ್ಯಾಷನಲ್ ಲೀಗ್ ಅಥವಾ ವೇಲ್ಸ್‌ನ ಮೇಲಿನ ಲೀಗಿನ ಕ್ಲಬ್ ಆಗಿದ್ದರೆ ಸಾಕು. ದೇಶದ ತಂಡ ಆಡಿದರೂ ಅಷ್ಟೇ. ಹೀಗಾಗಿ ಸಣ್ಣ ಊರಿನ ಗ್ರೌಂಡಲ್ಲಿ ಕೆಲವೇ ನೂರು ಜನರ ಮುಂದೆ ನಡೆಯುವ ಮ್ಯಾಚ್ ಕೂಡ ಇದರೊಳಗೆ ಬರುತ್ತೆ. ಸ್ಕಾಟ್ಲೆಂಡ್‌ಗೆ ಬೇರೆ ಕಾಯ್ದೆ ಇದೆ.

ಯಾವಾಗಿಂದ ಯಾವಾಗಿನವರೆಗೆ?

ಗ್ರೌಂಡ್ ಒಳಗಿನ ಅಪರಾಧಗಳಿಗೆ 1991ರ ಇನ್ನೊಂದು ಕಾಯ್ದೆ ಇದೆ. ಮ್ಯಾಚ್ ಶುರುವಾಗುವ 2 ಗಂಟೆ ಮೊದಲಿಂದ, ಮುಗಿದ 1 ಗಂಟೆ ನಂತರದವರೆಗೆ ಅದು ಅನ್ವಯಿಸುತ್ತೆ. ವಸ್ತು ಎಸೆಯುವುದು, ಅಸಭ್ಯ ಅಥವಾ ಜನಾಂಗ ನಿಂದನೆಯ ಘೋಷಣೆ ಕೂಗುವುದು, ಸರಿಯಾದ ಕಾರಣವಿಲ್ಲದೆ ಮೈದಾನಕ್ಕೆ ಇಳಿಯುವುದು ಅಪರಾಧ. ಮೊದಲು ಘೋಷಣೆಯನ್ನು ಗುಂಪಾಗಿ ಕೂಗಿದರೆ ಮಾತ್ರ ಕೇಸ್ ಆಗ್ತಿತ್ತು. 1999ರ ತಿದ್ದುಪಡಿ ನಂತರ ಒಬ್ಬನೇ ಕೂಗಿದರೂ ಕೇಸ್.

ನಿಷೇಧ ಆದೇಶದ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ದೊಡ್ಡದು: ಮ್ಯಾಚಿನ 24 ಗಂಟೆ ಮೊದಲು, 24 ಗಂಟೆ ನಂತರ. ಮ್ಯಾಚಿಗೆ ಹೋಗಿ ಬರುವ ದಾರಿಯಲ್ಲಿ ಮಾಡಿದ ಗಲಾಟೆಯೂ ಸೇರಬಹುದು. ದಾರಿಯಲ್ಲಿ ರಾತ್ರಿ ತಂಗಿದ್ದರೂ ಅದು ಪ್ರಯಾಣದ ಭಾಗವೇ. ಟಿಕೆಟ್ ಇರಲಿಲ್ಲ, ಒಳಗೆ ಹೋಗೋ ಇರಾದೆಯೇ ಇರಲಿಲ್ಲ ಅಂದ ಮಾತ್ರಕ್ಕೆ ಬಚಾವಾಗಲ್ಲ.

ಶಿಕ್ಷೆ ಏನು?

ಜೈಲು ಶಿಕ್ಷೆ ಇಲ್ಲದಿದ್ದರೆ ನಿಷೇಧ 3ರಿಂದ 5 ವರ್ಷ. ನೇರ ಜೈಲಾದರೆ 6ರಿಂದ 10 ವರ್ಷ. ಅಷ್ಟು ವರ್ಷ ಇಂಥ ಮ್ಯಾಚುಗಳಿಗೆ ಕಾಲಿಡುವಂತಿಲ್ಲ. ಹೊರದೇಶದಲ್ಲಿ ಮುಖ್ಯ ಮ್ಯಾಚ್‌ಗಳಿದ್ದಾಗ ಬ್ರಿಟಿಷ್ ಪಾಸ್‌ಪೋರ್ಟನ್ನು ಪೊಲೀಸರಿಗೆ ಒಪ್ಪಿಸಬೇಕಾಗಬಹುದು. ಆದೇಶ ಮುರಿದರೆ 6 ತಿಂಗಳವರೆಗೆ ಜೈಲಾಗಬಹುದು.

ಓದೋಕೆ, ಕೆಲಸಕ್ಕೆ ಅಂತ ಕರ್ನಾಟಕದಿಂದ ಹೋಗಿ ಅಲ್ಲಿ ಮ್ಯಾಚ್ ನೋಡುವವರಿಗೂ ಇದೇ ಕಾನೂನು. ಮನೆ ಮಕ್ಕಳು ಅಲ್ಲಿದ್ದರೆ ಒಂದು ಮಾತು ತಿಳಿಸಿಡಿ: ಲೀಗ್ ಮ್ಯಾಚಲ್ಲಿ ಗೆರೆ ದಾಟಿ ಮೈದಾನಕ್ಕೆ ಇಳಿಯೋದು ತಮಾಷೆ ಅಲ್ಲ.